ಎಡಚಿಯ ಹೊಲಿಗೆ

ನಮ್ಮ ಮನೆತನದ ಹೆಸರು ಜೀನಗಾರ. ಜೀನು ಅಂದರೆ ಕುದುರೆಯ ಬೆನ್ನ ಮೇಲೆ ಹಾಕುವ ತೊಗಲಿನ ಆಸನ, ಅದನ್ನು ಮಾಡುವವನು ಜೀನಗಾರ. ಆದರೆ ನನಗೆ ಗೊತ್ತಿದ್ದ ಮಟ್ಟಿಗೆ ನಮ್ಮಲ್ಲಿ ಜೀನು ಮುಟ್ಟಿದವರು ಯಾರೂ ಇರಲಿಲ್ಲ. ಅಜ್ಜ ಮದುವೆಯ ಬಾಸಿಂಗ ಮಾಡುತ್ತಿದ್ದ, ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ, ನಾನು ಹುಬ್ಬಳ್ಳಿಯಲ್ಲಿ ಕಾರಿನ ಸೀಟಿಗೆ ಕವರು ಹೊಲಿಯುತ್ತಿದ್ದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅಂತಾರಲ್ಲ, ಹಾಗೆ. ಕುದುರೆ ಒತ್ತಟ್ಟಿಗಿರಲಿ, ಮನೆ ಮುಂದೆ ಒಂದು ಕತ್ತೆ ಕಟ್ಟಿದವರೂ ಅಲ್ಲ ನಾವು.

ಈ ಹೆಸರೇ ಕುವೈತಿನಲ್ಲಿ ನನ್ನನ್ನು ಸಿಕ್ಕಿಹಾಕಿಸಿತು. ಸಬ್ಹಾನಿನ ಒಂದು ಶೆಡ್ಡಿನಲ್ಲಿ ಸೀಟು ಹೊಲಿಯುವ ಕೆಲಸಕ್ಕೆ ಸೇರಿದ್ದೆ. ನಮಗೆ ವೀಸಾ ಕೊಟ್ಟ ಧಣಿಯನ್ನು, ಅಂದರೆ ಕಫೀಲರನ್ನು, ನಾವೆಲ್ಲ ಅರ್ಬಾಬ್ ಅನ್ನುತ್ತಿದ್ದೆವು. ಅವರು ಒಂದು ದಿನ ಬಂದವರು, ಇದೆಂಥ ಹೆಸರು ನಿನ್ನದು, ಅರ್ಥ ಏನು ಅಂತ ಕೇಳಿದರು. ನನ್ನ ಅರಬ್ಬಿ ಆಗ ‘ಯಲ್ಲಾ’, ‘ಖಲಾಸ್’ ಇವೆರಡರಲ್ಲೇ ಮುಗಿಯುತ್ತಿತ್ತು. ಅವರ ಡ್ರೈವರ್ ಬಂಟ್ವಾಳದ ಕಡೆಯ ಬ್ಯಾರಿ, ನಡುವೆ ನಿಂತು ಅರ್ಥ ಹೇಳಿದ. ಅವನು ಹೇಳಿದ್ದು ಒಂದೇ ಪದ: ‘ಸರ್ರಾಜ್’. ಜೀನು ಮಾಡುವವನು. ಕುದುರೆ ಸಾಕಿಕೊಂಡಿದ್ದ ಅರ್ಬಾಬ್ ನನ್ನ ಎರಡೂ ಭುಜ ಹಿಡಿದು ಕುಲುಕಿದರು. ಮರುದಿನ ಬೆಳಿಗ್ಗೆ ಶೆಡ್ಡಿಗೆ ಒಂದು ಮುರಿದ ಜೀನು ಬಂತು.

“ಎಂಥಾ ಕೆಲಸ ಮಾಡಿದಿ ಮಾರಾಯಾ!” ಅಂತ ನಾನು ಡ್ರೈವರನ ಮೇಲೆ ಹರಿಹಾಯ್ದೆ.

“ನಾನೆಂತ ಸುಳ್ಳು ಹೇಳಿದ್ದಾ ಭಾಯಿ? ನಿಮ್ಮ ಹೆಸರೇ ಹಾಗೆ ಉಂಟಲ್ಲ,” ಅಂದ ಅವನು.

ಆ ಜೀನನ್ನು ಬಿಚ್ಚಿ, ಬಿಚ್ಚಿದ್ದನ್ನು ನೋಡಿ, ನೋಡಿದ ಹಾಗೆ ಕೂಡಿಸಿ ನಾನು ಕಲಿತೆ. ನಾನು ಅಂದರೆ ನಾವು. ನನ್ನ ಹೆಂಡತಿ ಊರಲ್ಲಿ ರವಿಕೆ ಹೊಲಿಯುತ್ತಿದ್ದವಳು, ಅವಳನ್ನೂ ಕುವೈತಿಗೆ ಕರೆಸಿಕೊಂಡೆ, ಅವಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಕೂಡ ಇದೇ ಕಂಪನಿಯದು ಆಯಿತು. ಜೀನಿನ ಹೊಲಿಗೆ ಮಶೀನಿನದ್ದಲ್ಲ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಎರಡೂ ಒಂದೇ ತೂತಿನಲ್ಲಿ ಎದುರುಬದುರು ದಾಟಬೇಕು. ಗೊತ್ತಿರುವವರು ಮೊಣಕಾಲ ನಡುವೆ ಮರದ ಇಕ್ಕಳದಲ್ಲಿ ತೊಗಲು ಹಿಡಿದು, ಎರಡು ಕೈಯಲ್ಲಿ ಎರಡು ಸೂಜಿ ಆಡಿಸಿ ಒಬ್ಬರೇ ಹೊಲಿಯುತ್ತಾರೆ. ನಮಗೇನು ಗೊತ್ತು? ಎರಡು ಸೂಜಿ ಅಂದರೆ ಇಬ್ಬರು ಕೂರಬೇಕು ಅಂದುಕೊಂಡೆವು. ತೊಗಲನ್ನು ನಡುವೆ ನಿಲ್ಲಿಸಿ ಈಚೆ ನಾನು, ಆಚೆ ಅವಳು. ತೊಗಲು ಅಡ್ಡ ಇರುವುದರಿಂದ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದಿಲ್ಲ. ಅದಕ್ಕೆ ಸೂಜಿ ತೂರಿಸಿದವರು “ಕೊಟ್ಟೆ” ಅನ್ನಬೇಕು, ಹಿಡಿದವರು “ಬಂತು” ಅನ್ನಬೇಕು. ಇಡೀ ದಿನ ಕೊಟ್ಟೆ, ಬಂತು, ಕೊಟ್ಟೆ, ಬಂತು. ಪಕ್ಕದ ಗ್ಯಾರೇಜಿನವರು ನಮಗೆ ಆ ಎರಡು ಮಾತನ್ನೇ ಅಡ್ಡಹೆಸರಾಗಿ ಇಟ್ಟಿದ್ದರು.

ಅವಳು ಎಡಚಿ. ಊಟಕ್ಕೆ ಎಡಗೈಲಿ ಬಡಿಸುತ್ತಾಳೆ ಅಂತ ನಮ್ಮ ಮದುವೆ ಮಾತುಕತೆ ಮುರಿದೇ ಹೋಗುವುದರಲ್ಲಿತ್ತು. ಆದರೆ ಎದುರುಬದುರು ಕೂತಾಗ ನನ್ನ ಬಲಗೈ ಇರುವ ಕಡೆಗೇ ಅವಳ ಎಡಗೈ ಬರುತ್ತದೆ. ಇಬ್ಬರೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದೆವು. ಹಾಗಾಗಿ ನಮ್ಮ ಹೊಲಿಗೆ ಮುಂದೆ ಹೇಗೋ ಹಿಂದೆಯೂ ಹಾಗೇ, ಜೋಳದ ತೆನೆಯ ಕಾಳಿನಂತೆ ಓರೆಯಾಗಿ ಎದ್ದು ಕೂರುತ್ತಿತ್ತು. ಬೇರೆಯವರ ಹೊಲಿಗೆ ಮುಂದೆ ಚೆಂದ, ಹಿಂದೆ ಚಪ್ಪಟೆ. ಅರ್ಬಾಬ್ ಮನೆಯ ಹೆಂಗಸರು ಜೀನು ನೋಡಿ, ಇದೇ ಹೊಲಿಗೆಯಲ್ಲಿ ಕೈಚೀಲ ಬೇಕು ಅಂದರು. ಒಂದು ಚೀಲ ಹತ್ತಾಯಿತು, ಸೀಟಿನ ಕೆಲಸ ನಿಂತಿತು, ಅರ್ಬಾಬ್ ಪಾಲುದಾರರಾದರು, ದೊಡ್ಡ ಮಾಲಿನಲ್ಲಿ ಗಾಜಿನ ಬಾಗಿಲಿನ ಅಂಗಡಿ ಬಂತು. ಈಗ ಅದಕ್ಕೆ ‘ಲಕ್ಷುರಿ ಹೌಸ್’ ಅಂತಾರೆ. ಚೀಲಗಳನ್ನು ನಮ್ಮ ಕೆಲಸಗಾರರು ಇಕ್ಕಳ ಹಿಡಿದು ಸರಿಯಾದ ಪದ್ಧತಿಯಲ್ಲಿ ಹೊಲಿಯುತ್ತಾರೆ. ಜೀನು ಮಾತ್ರ ನಾವಿಬ್ಬರೇ, ನಮ್ಮ ತಪ್ಪು ಪದ್ಧತಿಯಲ್ಲೇ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಹೋದ ಚಳಿಗಾಲದ ಜೀನಿನ ಕಥೆ ಹೇಳುವುದಕ್ಕೆ.

ಬೇಸಿಗೆಯಲ್ಲಿ ಮಗಳಿಗೆ ಧಾರವಾಡದಲ್ಲಿ ಕಾಲೇಜು ಸಿಕ್ಕಿತು. ಕುವೈತಿನಲ್ಲಿ ಮಕ್ಕಳ ಶಾಲೆ ಮುಗಿದರೆ ಪ್ರತಿ ಮನೆಯಲ್ಲೂ ಇದೇ ಕಥೆ, ಯಾರಾದರೊಬ್ಬರು ಜೊತೆಗೆ ಹೋಗಬೇಕು. ಹೆಂಡತಿ ಹೋದಳು, ಪಕ್ಕದ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಳು. “ಪೋರಿ ಒಂಚೂರು ಹೊಂದಿಕೊಂಡ ಮ್ಯಾಲೆ ಬರ್ತೀನ್ರಿ” ಅಂತ ಹೇಳಿ ಹೋದಳು. ಇಲ್ಲಿಯ ನಿಯಮ ಏನೆಂದರೆ, ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಇಕಾಮಾ ಖಲಾಸ್. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ದಿನಾ ಸಂಜೆ ಬ್ನೇದ್ ಅಲ್ ಗಾರಿನ ಫ್ಲ್ಯಾಟಿನಲ್ಲಿ ಫೋನು ಹಿಡಿದು ಕೂರುತ್ತಿದ್ದೆ. ಮಗಳು ಒಮ್ಮೆ ಇಣುಕಿ, “ಅಪ್ಪಾ, ಯು ಲುಕ್ ಥಿನ್” ಅಂದು ಓಡುತ್ತಿದ್ದಳು. ಆಮೇಲೆ ಅವಳ ಅಮ್ಮ.

“ಯಾವಾಗ ಬರ್ತಿ?” ಅಂತ ಕೇಳಬೇಕು ಅನ್ನಿಸುತ್ತಿತ್ತು. ಬಾಯಿಗೆ ಬರುತ್ತಿದ್ದುದು, “ನಿನ್ನ ಮರ್ಜಿ.”

“ನೋಡೂಣಂತ್ರಿ,” ಅನ್ನುತ್ತಿದ್ದಳು.

ಬೆಪ್ಪರು ನಾವು. ಇಪ್ಪತ್ತು ವರ್ಷ ಎದುರುಬದುರು ಕೂತವರು ಒಂದು ನೇರ ಮಾತು ಆಡಲಾರದೆ ಹೋದೆವು.

ಸೆಖೆ ಇಳಿಯುತ್ತಿದ್ದ ಹೊತ್ತಿಗೆ ಅರ್ಬಾಬ್ ಹೇಳಿಕಳಿಸಿದರು. ಅವರ ಬೂದುಬಣ್ಣದ ಹೆಣ್ಣುಕುದುರೆಗೆ ವಯಸ್ಸಾಗಿದೆ, ಬೆನ್ನು ಇಳಿದಿದೆ, ನಾವು ಹಿಂದೆ ಮಾಡಿಕೊಟ್ಟ ಜೀನು ಈಗ ಒತ್ತುತ್ತಿದೆ. ಅವರಿಗೂ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಈ ಚಳಿಗಾಲ ಮರಳುಗಾಡಿನಲ್ಲಿ ಸವಾರಿಗೆ ಇಳಿಯುವ ಮೊದಲು ಹೊಸ ಜೀನು ಬೇಕು, ಹಳೆಯದರ ಹಾಗೇ ಇರಬೇಕು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಜೀನಿನ ಕೆಲಸ ಅಂದರೆ ಅವಳು ಬರಲೇಬೇಕು! ಸಂಜೆ ಫೋನಿನಲ್ಲಿ ಹೇಳಿದೆ. ಅವಳು, “ಚೊಲೋ ಆತು. ಅಳತಿ ಸರಿಯಾಗಿ ತಗೋರಿ,” ಅಂದಳು, ಅಷ್ಟೆ.

ಅಳತೆ ತೆಗೆಯಲು ಅಹ್ಮದಿ ದಾಟಿ ಮರಳಿನಂಚಿನ ಲಾಯಕ್ಕೆ ಹೋದೆ. ಸೀಸದ ಮೆತ್ತನೆ ಪಟ್ಟಿಯನ್ನು ಕುದುರೆಯ ಹೆಗಲಿನ ಉಬ್ಬಿನ ಮೇಲೆ ಒತ್ತಿ ಕೂರಿಸಬೇಕು, ಬಾಗಿದ ಆಕಾರ ಕೆಡದಂತೆ ಎತ್ತಿ ರಟ್ಟಿನ ಮೇಲೆ ಗೆರೆ ಎಳೆಯಬೇಕು. ಹೆಗಲ ಹಿಂದೆ ಒಂದು, ನಡುಬೆನ್ನಿಗೆ ಒಂದು, ಸೊಂಟದ ಹತ್ತಿರ ಒಂದು. ಹೆಗಲ ಹಿಂದಿನ ಮಾಂಸ ಎರಡೂ ಕಡೆ ಬತ್ತಿಹೋಗಿತ್ತು. ನಾನು ಪಟ್ಟಿ ಒತ್ತಿದಾಗ ಆ ಮುದುಕಿ ತಲೆ ತಿರುಗಿಸಿ ನನ್ನ ಹಿಂದೆ ಯಾರನ್ನೋ ಹುಡುಕಿದ ಹಾಗೆ ನೋಡಿತು. ಹೆಂಡತಿ ಅದಕ್ಕೆ ಪ್ರತಿ ಸಲ ಬೆಲ್ಲ ಕೊಡುತ್ತಿದ್ದಳು.

ಮೊದಲು ಒಳಗಿನ ಅಸ್ಥಿಪಂಜರ, ನಾವು ‘ಮರ’ ಅನ್ನುವುದು. ತೆಳು ಹಲಗೆಗಳನ್ನು ಅಚ್ಚಿನಲ್ಲಿ ಅಂಟಿಸಿ, ಹೆಗಲ ಬಾಗಿಗೆ ಉಕ್ಕಿನ ಪಟ್ಟಿ ಬಿಗಿಯಬೇಕು. ಅದು ಬೆನ್ನುಮೂಳೆಯನ್ನು ಮುಟ್ಟಲೇಬಾರದು, ಭಾರವೆಲ್ಲ ಮೂಳೆಯ ಎರಡು ಬದಿಯ ಮಾಂಸದ ಮೇಲೆ ಹರಡಬೇಕು. ಕುದುರೆಯ ಬೆನ್ನಿಗೆ ಮಕ್ಕಳ ಪೌಡರು ಬಳಿದು, ಬರಿಯ ಮರವನ್ನು ಇಟ್ಟು ಒತ್ತಿ ಎತ್ತಿ ನೋಡಿದೆ. ಎಲ್ಲೆಲ್ಲಿ ಪೌಡರು ಹತ್ತಿದೆಯೋ ಅಲ್ಲಲ್ಲಿ ತಾಗಿದೆ ಅಂತ ಲೆಕ್ಕ. ಮುಂದೆ ಹತ್ತಿತ್ತು, ಹಿಂದೆ ಹತ್ತಿತ್ತು, ನಡುವೆ ಚೊಕ್ಕ. ಅಂದರೆ ಹಳ್ಳಕ್ಕೆ ಸೇತುವೆ ಹಾಕಿದ ಹಾಗೆ ಕೂತಿದೆ! ನಾಲ್ಕು ತುದಿಯಲ್ಲಿ ಒತ್ತಿ ಹುಣ್ಣು ಮಾಡುತ್ತದೆ. ಅರದಿಂದ ಉಜ್ಜಿ ಸರಿಮಾಡಲು ನೋಡಿದೆ, ಉಜ್ಜಿ ಉಜ್ಜಿ ಹಲಗೆ ತೆಳುವಾಗಿ ಸೀಳು ಬಿಟ್ಟಿತು. ಹಾಳಾಗಿ ಹೋಗಲಿ ಅಂತ ಎಸೆದು ಹೊಸ ಅಚ್ಚು ಕೆತ್ತಿದೆ. ಎರಡನೆಯದರಲ್ಲಿ ಪೌಡರು ಉದ್ದಕ್ಕೂ ಹತ್ತಿತು.

ಆಮೇಲೆ ಆಸನದ ತೊಗಲು. ಅದನ್ನು ನೆನೆಸಿ, ಹದ ಬಂದಾಗ ಮರದ ಮೇಲೆ ಎಳೆದು ಬಡಿಯಬೇಕು. ಈ ಹದ ಅನ್ನುವುದು ಕುವೈತಿನಲ್ಲಿ ದೊಡ್ಡ ತಲೆನೋವು, ಏಸಿಯ ಗಾಳಿಗೆ ತೊಗಲು ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಸುಕ್ಕು ಬೀಳುತ್ತದೆ. ಒದ್ದೆ ಗೋಣಿ ಹೊದಿಸಿ ಬಾಳೆಗೊನೆ ಹಣ್ಣಿಗಿಟ್ಟ ಹಾಗೆ ಮೂಲೆಯಲ್ಲಿಟ್ಟು ಕಾದೆ. ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಕೆನ್ನೆಗೆ ತಾಗಿಸಿ ನೋಡುವುದು ಅವಳ ಕೆಲಸವಾಗಿತ್ತು. ನನ್ನ ಗಡ್ಡದ ಕೆನ್ನೆಗೆ ಏನು ತಿಳಿಯಬೇಕು? ಹೇಗೋ ಆಯಿತು. ಜೀನಿನ ಅಡಿಯಲ್ಲಿ ಕುದುರೆಯ ಬೆನ್ನಿಗೆ ತಾಗುವ ಮೆತ್ತನೆ ದಿಂಡುಗಳಿಗೆ ಉಣ್ಣೆಯನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ತುಂಬಿದೆ. ಒಂದು ಗಂಟು ಉಳಿದರೂ ಕುದುರೆಗೆ ಅದು ಚಪ್ಪಲಿಯೊಳಗಿನ ಕಲ್ಲು.

ಉಳಿದದ್ದು ಕಿವಿಗಳು. ಸವಾರನ ಕಾಲ ಕೆಳಗೆ ಎರಡು ಬದಿಗೂ ಇಳಿಬೀಳುವ ದೊಡ್ಡ ತೊಗಲಿನ ಹಾಳೆಗೆ ನಾವಿಬ್ಬರೂ ಇಟ್ಟುಕೊಂಡ ಹೆಸರು ಅದು. ಎರಡು ಪದರದ ತೊಗಲನ್ನು ಸುತ್ತಲೂ ಅಂಚಿಗೆ ಹೊಲಿಯಬೇಕು. ಹೊಲಿಗೆ ಹೊರಗೆ ಎಷ್ಟು ಕಾಣುತ್ತದೋ ಒಳಗೂ ಅಷ್ಟೇ ಕೈಗೆ ಸಿಗುತ್ತದೆ. ಅರ್ಬಾಬ್ ಕುದುರೆ ಮೇಲೆ ಕೂತಾಗಲೆಲ್ಲ ಹೆಬ್ಬೆರಳನ್ನು ಕಿವಿಯ ಅಂಚಿನ ಒಳಬದಿಗೆ ಆಡಿಸುತ್ತಿರುತ್ತಾರೆ, ಜಪ ಮಾಡುವವರ ಹಾಗೆ.

ನವೆಂಬರ್ ಕಳೆಯುತ್ತ ಬಂದಿತ್ತು. ಅವಳು ಇನ್ನೂ “ನೋಡೂಣ” ಅನ್ನುತ್ತಿದ್ದಳು. ನನಗೂ ಹಟ ಬಂತು. ನೀನಿಲ್ಲದಿದ್ದರೆ ಕೆಲಸ ನಿಲ್ಲುತ್ತದೇನು ಅಂತ ಇಕ್ಕಳ ಹಿಡಿದು ಒಬ್ಬನೇ ಕೂತೆ. ಗೆರೆ ಎಳೆದು, ಮುಳ್ಳುಚಕ್ರದಿಂದ ಗುರುತು ಹಾಕಿ, ಆರಿಯಿಂದ ತೂತು ಚುಚ್ಚಿ, ಮೇಣ ತಿಕ್ಕಿದ ದಾರ ಎಳೆದೆ. ಎರಡು ಕೈಯಲ್ಲಿ ಎರಡು ಸೂಜಿ. “ಕೊಟ್ಟೆ” ಅಂದೆ. ಯಾರೂ ಏನೂ ಅನ್ನಲಿಲ್ಲ. “ಬಂತು” ಅಂತ ನಾನೇ ಅಂದುಕೊಂಡೆ. ಇಕ್ಕಳದ ಕೆಲಸಗಾರರು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು. ಅವರೆದುರು ಅಳು ಬಂದೀತು ಅಂತ ಎದ್ದು ಹೋಗಿ ಚಹಾ ಕುಡಿದು ಬಂದೆ.

ಎರಡೂ ಕಿವಿ ಮುಗಿಸಿ ಲಾಯಕ್ಕೆ ಒಯ್ದೆ. ಅರ್ಬಾಬ್ ಹೊರಗಿನ ಹೊಲಿಗೆಯ ಮೇಲೆ ಬೆರಳಾಡಿಸಿ ತಲೆದೂಗಿದರು. ಒಳಗೆ ಹೆಬ್ಬೆರಳು ಹೋಯಿತು. ಅಲ್ಲೇ ನಿಂತಿತು. ಮತ್ತೆ ಮೊದಲಿಂದ ಆಡಿಸಿದರು.

“ನಾಯ್ಮ,” ಅಂದರು.

“ಈ ಬದಿಯ ಹೊಲಿಗೆ ಮಲಗಿದೆ ಅಂತೆ,” ಅಂದ ಡ್ರೈವರ್. ಅರ್ಬಾಬ್ ಮತ್ತೇನೋ ಕೇಳಿದರು. “ಮೇಡಂ ಇನ್ನೂ ಬರ್ಲಿಲ್ವಾ, ಯಾವಾಗ ಬರ್ತದೆ ಅಂತ ಕೇಳ್ತಾರೆ.”

ಅವನ ಕನ್ನಡದಲ್ಲಿ ಹೆಂಗಸರೆಲ್ಲ ‘ಅದು’. ಬಸ್ಸೂ ಅದು, ಬೆಕ್ಕೂ ಅದು, ನನ್ನ ಹೆಂಡತಿಯೂ ಅದು. ಮೊದಲ ದಿನದಿಂದ ತಿದ್ದಿ ತಿದ್ದಿ ಸಾಕಾಗಿದೆ.

“ಬರ್ತದೆ ಅಲ್ಲೋ, ಬರ್ತಾಳೆ ಅನ್ನು! ನನ್ನ ಹೆಂಡತಿ ಏನು ಮಂಗಳೂರು ಬಸ್ಸೇನು?”

“ಬಸ್ಸಾದ್ರೂ ಹೇಳಿದ ಟೈಮಿಗೆ ಬರ್ತದೆ ಭಾಯಿ,” ಅಂದು ನಕ್ಕವನು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಪಾಪ, ಅವನು ಒಳ್ಳೆಯವನು. ಮರುದಿನ ತಾನೇ ಶೆಡ್ಡಿಗೆ ಬಂದು, “ನಾನು ಆಚೆ ಬದಿ ಕೂತ್ಕೊಳ್ತೇನೆ, ಚಲೋ, ಟ್ರೈ ಮಾಡುವ,” ಅಂದ. ಹಳೆಯ ತುಂಡಿನ ಮೇಲೆ ಶುರು ಮಾಡಿದೆವು. ನಾನು “ಕೊಟ್ಟೆ” ಅಂದರೆ ಅವನು “ಯಾರಿಗೆ?” ಅಂತಾನೆ. ಮೂರನೆಯ ತೂತಿಗೇ ಸೂಜಿಯನ್ನು ತನ್ನ ಹೆಬ್ಬೆರಳಿಗೆ ಚುಚ್ಚಿಕೊಂಡು, “ಯಾ ಅಲ್ಲಾ!” ಅಂತ ಎದ್ದ. “ನಂಗೆ ಸ್ಟೇರಿಂಗೇ ಸಾಕು ಮಾರಾಯ್ರೆ. ನೀವು ಮೇಡಂಗೆ ಸರಿಯಾಗಿ ಒಂದು ಫೋನು ಮಾಡಿ. ‘ಬಾ’ ಅಂತ ಹೇಳಿದ್ದೀರಾ?”

ನಾನು ಅವನ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತತೊಡಗಿದೆ.

ಅರ್ಬಾಬ್ ಏನೂ ಹಟ ಹಿಡಿದಿರಲಿಲ್ಲ. ಪರವಾಗಿಲ್ಲ, ಕುದುರೆಗೆ ಗೊತ್ತಾಗುವುದಿಲ್ಲ, ಹೀಗೇ ಇರಲಿ ಅಂದಿದ್ದರು. ಕಿವಿಗಳನ್ನು ಮರಕ್ಕೆ ಕೂಡಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ನಾನು ಕತ್ತರಿ ತಗೊಂಡು ಎರಡೂ ಕಿವಿಯ ದಾರವನ್ನು ಉದ್ದಕ್ಕೂ ಬಿಡಿಸಿಹಾಕಿದೆ. ಒಮ್ಮೆ ಚುಚ್ಚಿದ ತೊಗಲಿಗೆ ಮತ್ತೆ ಹೊಲಿಗೆ ಬೀಳುವುದಿಲ್ಲ, ತೂತು ದೊಡ್ಡದಾಗಿ ದಾರ ಸಡಿಲ ಕೂರುತ್ತದೆ. ಅಂದರೆ ಆ ಕಿವಿಗಳು ಕಸಕ್ಕೆ. ಅದೇ ಬಣ್ಣದ, ಅದೇ ದಪ್ಪದ ತೊಗಲು ಇನ್ನೊಂದೇ ಜೊತೆಗೆ ಆಗುವಷ್ಟಿತ್ತು. ಅದನ್ನು ಹೊಸದಾಗಿ ಕತ್ತರಿಸಿ, ಪದರ ಅಂಟಿಸಿ, ಅಂಚಿಗೆ ಗುರುತು ಹಾಕಿ, ಹೊಲಿಯದೆ ಬಟ್ಟೆಯಲ್ಲಿ ಸುತ್ತಿದೆ. ಇದನ್ನು ಊರಿಗೆ ಒಯ್ದು ಅವಳೆದುರು ಕೂತು ಹೊಲಿಯುತ್ತೇನೆ, ಅವಳನ್ನು ಕರೆದುಕೊಂಡು ಬರುತ್ತೇನೆ. ಇಬ್ಬರಿಗೂ ವಾಪಸು ಬರುವ ಟಿಕೆಟ್ ತೆಗೆದೆ. ಆರು ತಿಂಗಳು ತುಂಬಲು ಇನ್ನೂ ಸ್ವಲ್ಪ ಅವಕಾಶವಿತ್ತು. ಹೊಲಿಗೆ ಮಲಗಿದೆ ಅನ್ನುವುದೆಲ್ಲ ಒಂದು ನೆಪ. ನನಗೆ ಅವಳು ಬೇಕಾಗಿದ್ದಳು. ಎದುರಿಗೆ ಆ ಸ್ಟೂಲಿನ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಕಾಗಿದ್ದಳು.

ರಜೆ ಕೇಳಿದಾಗ ಅರ್ಬಾಬ್ ಬಟ್ಟೆಯ ಗಂಟನ್ನು ಮುಟ್ಟಿ ನೋಡಿ, “ರೂಹ್, ಯೀಬ್,” ಅಂದರು.

“ಹೋಗಿ ತಗೊಂಡು ಬಾ ಅಂತೆ,” ಅಂದ ಡ್ರೈವರ್. ಆಮೇಲೆ ತಲೆ ಕೆರೆದುಕೊಂಡ. “ಕರ್ಕೊಂಡು ಬಾ ಅಂತಲೂ ಆಗ್ತದೆ. ಅರಬ್ಬಿಯಲ್ಲಿ ಎರಡೂ ಒಂದೇ.”

ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಕಿಟಕಿಯ ಹತ್ತಿರ ಊಟದ ಟೇಬಲ್ಲು. ಕಿವಿಗಳನ್ನು ಅದರ ಮೇಲೆ ಬಿಚ್ಚಿದೆ. ಅವಳು ಮೂಸಿ ನೋಡಿದಳು, ಕೆನ್ನೆಗೆ ತಾಗಿಸಿಕೊಂಡಳು, “ಏಸಿ ಗಾಳಿಗೆ ಬಿರುಸಾಗೇತಿ. ಒದ್ದಿ ಅರಿವಿ ತರ್ರಿ,” ಅಂದಳು. ಅಷ್ಟೊತ್ತಿಗೆ ನಾನು ಟಿಕೆಟಿನ ವಿಷಯ ಹೇಳಿಯಾಗಿತ್ತು. ಹೇಳಿದ್ದು ಹೇಗೆ? “ಎರಡು ಟಿಕೆಟ್ ತಗದೀನಿ” ಅಂತ. ಆಗಲೂ ‘ಬಾ’ ಅನ್ನಲಿಲ್ಲ. ಅವಳು ಕೇಳಿಸಿಕೊಂಡು ದಾರಕ್ಕೆ ಮೇಣ ತಿಕ್ಕುತ್ತಿದ್ದಳು.

ಕೂತೆವು. ಈಚೆ ನಾನು, ಆಚೆ ಅವಳು, ನಡುವೆ ತೊಗಲು.

“ಕೊಟ್ಟೆ.”

“ಬಂತು.”

ಮೊದಮೊದಲು ಅವಳ ಕೈ ತಡವರಿಸಿತು. ಬೆರಳಿನ ದಡ್ಡು ಮೆತ್ತಗಾಗಿ ದಾರ ಕೊಯ್ದು ರಕ್ತ ಬಂತು, ಚಿಂದಿ ಸುತ್ತಿಕೊಂಡಳು. ಆಮೇಲೆ ಕೈ ಕೂಡಿಬಂತು ನೋಡಿ! ನಾನು ಎಳೆಯುವ ಕ್ಷಣಕ್ಕೆ ಸರಿಯಾಗಿ ಅವಳೂ ಎಳೆಯುತ್ತಿದ್ದಳು. ಆಚೆಯ ಹೊಲಿಗೆ ನೋಡದೆಯೇ ನನಗೆ ಗೊತ್ತಾಗುತ್ತಿತ್ತು, ಎದ್ದು ಕೂತಿದೆ ಅಂತ. ಮಗಳು ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತು, “ಓ ಮೈ ಗಾಡ್, ಕೊಟ್ಟೆ–ಬಂತು ಈಸ್ ಬ್ಯಾಕ್!” ಅಂದಳು. ಮೂವರೂ ನಕ್ಕೆವು. ಆ ವಾರ ನಾನು ಸುಖವಾಗಿದ್ದೆ. ಅದಕ್ಕಿಂತ ಬೇರೆ ಪದ ಸಿಗುತ್ತಿಲ್ಲ.

ಎರಡನೆಯ ಕಿವಿಯ ಕೊನೆಯ ತೂತು ಒಂದು ಮಧ್ಯಾಹ್ನ ಬಂತು. ಅವಳು ಸೂಜಿ ತೂರಿಸಿದಳು. “ಕೊಟ್ಟೆ” ಅಂದಳು. ನಾನು ಸೂಜಿಗೆ ಕೈ ಹಾಕುವಷ್ಟರಲ್ಲಿ ತೊಗಲಿನ ಆಚೆಯಿಂದ ಅವಳ ದನಿ ಬಂತು.

“ನಾ ಬರಂಗಿಲ್ರಿ.”

ಮುಖ ಕಾಣುತ್ತಿರಲಿಲ್ಲ. ತೊಗಲಿನ ಮೇಲಂಚು ಹಿಡಿದ ಅವಳ ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು.

“ಅಷ್ಟು ವರ್ಷ ಅಲ್ಲಿ ಉಸುಕು ಝಾಡಿಸಿದ್ದು ಸಾಕಾತ್ರಿ. ಇಲ್ಲೆ ಕಿಟಕಿ ತಗದು ಕುಂದರತೀನಿ, ಬಾಜೂ ಮನಿಯಾಕಿ ಕೂಡ ಮಾತಾಡ್ತೀನಿ. ಪೋರಿ ದಿನಾ ಮನಿಗೆ ಬರ್ತಾಳ. ನನಗ ನಿಮ್ಮ ಎದುರಿಗೆ ಕುಂತು ಹೊಲಿಯೂದು ಬ್ಯಾಡಾಗಿಲ್ಲ. ಬೇಕು, ಭಾಳ ಬೇಕು. ಆದ್ರ ಇಲ್ಲೆ.”

“ಮತ್ತ ನೋಡೂಣ ನೋಡೂಣ ಅಂತಿದ್ದೆಲ್ಲ!”

“ನೀವು ಒಮ್ಮೆರೆ ಬಾ ಅಂದೀರೇನು? ನಿನ್ನ ಮರ್ಜಿ ಅಂದ್ರಿ. ನನ್ನ ಮರ್ಜಿ ಇದು.”

“ಬಾ,” ಅಂದೆ. ಎಷ್ಟೋ ತಿಂಗಳಿಂದ ಗಂಟಲಲ್ಲಿದ್ದ ಅಕ್ಷರ, ಕೊನೆಗೂ ಹೊರಬಿತ್ತು. “ಬಾರಲೇ. ನನಗ ಅಲ್ಲಿ ಒಬ್ಬನ ಕೈಲೆ ಆಗವಲ್ದು.”

ಅವಳು ಅಳುತ್ತಿದ್ದಳು, ಉಸಿರಿನಲ್ಲಿ ಗೊತ್ತಾಗುತ್ತಿತ್ತು. “ತಡಾ ಆತ್ರಿ,” ಅಂದಳು. “ನೀವ ಬರ್ರಿ ಇಲ್ಲಿಗೆ.”

ನಾನು ಕಟ್ಟಿದ ಹೌಸು ಅಲ್ಲಿತ್ತು. ಇಕ್ಕಳ ಹಿಡಿದು ಕೂತ ಅಷ್ಟು ಜನರ ಊಟ ಅಲ್ಲಿತ್ತು. ಕುದುರೆಯೂ ಅಲ್ಲೇ ಕಾಯುತ್ತಿತ್ತು. “ನೋಡೂಣ,” ಅಂದೆ. ಅವಳ ಮಾತು ನನ್ನ ಬಾಯಿಗೆ ಬಂದದ್ದು ಇಬ್ಬರಿಗೂ ಕೇಳಿಸಿತು.

“ಸೂಜಿ ತಗೋರಿ,” ಅಂದಳು ಅವಳು. “ಬಂತು ಅಂದಿಲ್ಲ ನೀವಿನ್ನಾ.”

ಸೂಜಿ ಹಿಡಿದೆ, ಎಳೆದೆ. ಬಂತು ಅನ್ನಲು ದನಿ ಹೊರಡಲಿಲ್ಲ.

ಒಬ್ಬನೇ ವಾಪಸು ಬಂದೆ. ಪಕ್ಕದ ಸೀಟು ಖಾಲಿ ಇತ್ತು. ಬಟ್ಟೆಯ ಗಂಟನ್ನು ಮೇಲೆ ಇಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಸಬ್ಹಾನಿನಲ್ಲಿ ಕಿವಿಗಳನ್ನು ಮರಕ್ಕೆ ಕೂಡಿಸಿದೆ, ದಿಂಡು ಕಟ್ಟಿದೆ, ಎಣ್ಣೆ ಕುಡಿಸಿದೆ. ಕೆಲಸಗಾರರು ಒಬ್ಬೊಬ್ಬರಾಗಿ ಬಂದು ಕಿವಿಯ ಒಳಬದಿ ಮುಟ್ಟಿ ನೋಡಿ ಹೋದರು.

ಲಾಯದಲ್ಲಿ ತಂಪು ಗಾಳಿ. ಜೀನನ್ನು ಮುದುಕಿಯ ಬೆನ್ನಿಗೆ ಹಾಕಿ ಪಟ್ಟಿ ಬಿಗಿದೆ. ಬೆನ್ನುಮೂಳೆಯ ಮೇಲೆ ಮೂರು ಬೆರಳು ತೂರುವಷ್ಟು ಜಾಗ ಚೊಕ್ಕವಾಗಿತ್ತು. ಅರ್ಬಾಬರನ್ನು ಇಬ್ಬರು ಹಿಡಿದು ಹತ್ತಿಸಿದರು. ಕುದುರೆ ನೋವಿಗೆ ತನ್ನ ಕಿವಿ ಹಿಂದಕ್ಕೆ ಮಡಚಲಿಲ್ಲ, ನಾಲ್ಕು ಹೆಜ್ಜೆ ಹಾಕಿ ಉಸಿರು ಬಿಟ್ಟು ಕತ್ತು ಇಳಿಸಿತು. ನನಗೆ ಹೋದ ಜೀವ ಬಂದ ಹಾಗಾಯಿತು. ನಾನು ಕಿಸೆಯಿಂದ ಬೆಲ್ಲ ತೆಗೆದು ಅದರ ಬಾಯಿಗೆ ಹಿಡಿದೆ. ಹೆಂಡತಿ ಕಟ್ಟಿಕೊಟ್ಟದ್ದು.

ಅರ್ಬಾಬರ ಹೆಬ್ಬೆರಳು ಅಂಚಿನ ಒಳಗೆ ಹೋಯಿತು. ಮೆಲ್ಲಗೆ, ಒಂದೊಂದೇ ಹೊಲಿಗೆಯ ಮೇಲೆ ಏರಿ ಇಳಿದು ಮುಂದೆ ಸರಿಯಿತು. ಅವರ ಮಂಜುಗಣ್ಣು ಅರಳಿತು. ನನ್ನ ಕಡೆ ಬಾಗಿ ಕೇಳಿದರು:

“ಯಾತ್?”

ಡ್ರೈವರ್ ನನ್ನನ್ನೊಮ್ಮೆ ನೋಡಿದ, ನನ್ನ ಹಿಂದಿನ ಖಾಲಿ ಜಾಗವನ್ನೊಮ್ಮೆ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು, ಏರ್‌ಪೋರ್ಟಿನಿಂದ ನನ್ನನ್ನು ಕರೆತಂದವನು ಅವನೇ.

“ಬಂತಾ ಅಂತ ಕೇಳ್ತಾರೆ ಭಾಯಿ,” ಅಂದ ಮೆತ್ತಗೆ.

“ಬಂತು,” ಅಂದೆ.

ಈ ಸಲ ನಾನು ಅವನನ್ನು ತಿದ್ದಲಿಲ್ಲ.